ಉಕ್ಕಿನ ಕಟ್ಟಡಗಳೂ ಅಗ್ನಿರಕ್ಷೆಯೂ

ಕಾದ ಕಬ್ಬಿಣದ ಗುಂಡು ಸುಡುವುದೆಂದು ಲೋಕವು ಹೇಳುವುದು; ಸುಡುವುದು ಕಬ್ಬಿಣವಲ್ಲ, ಅದನ್ನು ಹೊಕ್ಕ ಅಗ್ನಿ. ಒಂದರ ಧರ್ಮವನ್ನು ಮತ್ತೊಂದರಲ್ಲಿ ಆರೋಪಿಸುವ ಭ್ರಾಂತಿಗೆ ವೇದಾಂತಿಗಳು ಈ ತಪ್ತಾಯಃಪಿಂಡವನ್ನು ದೃಷ್ಟಾಂತವಾಗಿ ಕೊಡುವರು. ಉಕ್ಕಿನ ಕಟ್ಟಡಗಳ ವಿಷಯದಲ್ಲಿಯೂ ಒಂದು ಭ್ರಾಂತಿಯುಂಟು. ಉಕ್ಕು ಉರಿಯದು, ಆದುದರಿಂದ ಅದರ ಕಟ್ಟಡಕ್ಕೆ ಬೆಂಕಿಯ ಭಯವಿಲ್ಲ ಎಂಬುದೇ ಅದು. ಉರಿಯದಿರುವುದು ಅದಾಹ್ಯತ್ವ, ಉರಿಯ ನಡುವೆಯೂ ಭಾರವನ್ನು ಹೊತ್ತು ನಿಲ್ಲುವುದು ಅಗ್ನಿಸಹತ್ವ. ಮೊದಲನೆಯದು ಇದ್ದಲ್ಲಿ ಎರಡನೆಯದೂ ಇರಬೇಕೆಂಬ ನಿಯಮವಿಲ್ಲ. ಕುರುಗೋಡಿನ ಗುಡಿಗಳ ಶಿಲೆಯೂ ಉರಿಯದು. ಆದರೂ ತೀವ್ರವಾದ ತಾಪಕ್ಕೆ ಶಿಲೆಯು ಸೀಳುವುದೆಂಬುದನ್ನು ಬೆಂಕಿಯೊಡ್ಡಿ ಬಂಡೆಯೊಡೆಯುತ್ತಿದ್ದ ಕಲ್ಲುಕುಟಿಗರು ಬಲ್ಲವರಾಗಿದ್ದರು.

ಉಕ್ಕು ಕರಗುವುದಕ್ಕೆ ಸುಮಾರು ೧೫೦೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಆದರೆ ಬೀಳುವುದಕ್ಕೆ ಅದು ಕರಗಬೇಕಾಗಿಲ್ಲ. ೫೫೦ರಿಂದ ೬೦೦ ಡಿಗ್ರಿಯ ಸುಮಾರಿಗೆ ಅದರ ಬಲವು ಅರ್ಧದಷ್ಟಕ್ಕೆ ಇಳಿಯುವುದು. ಇದಲ್ಲದೆ, ೧೦ ಮೀಟರ್ ಉದ್ದದ ತೊಲೆಯು ೫೦೦ ಡಿಗ್ರಿಯಷ್ಟು ಹೆಚ್ಚು ಕಾದರೆ ೬ ಸೆಂಟಿಮೀಟರಿಗೆ ಕಡಮೆಯಿಲ್ಲದೆ ಬೆಳೆದು, ತನಗೆ ಆಧಾರವಾದ ಕಂಬವನ್ನೂ ಗೋಡೆಯನ್ನೂ ತಳ್ಳುವುದು. ೧೯೬೭ರಲ್ಲಿ ಅಮೆರಿಕದ ಷಿಕಾಗೋ ನಗರದ ಮೆಕ್‌ಕಾರ್ಮಿಕ್ ಪ್ಲೇಸ್ ಎಂಬ ಪ್ರದರ್ಶನಭವನಕ್ಕೆ ಬೆಂಕಿ ಬಿದ್ದಾಗ, ಕವಚವಿಲ್ಲದ ಉಕ್ಕಿನ ಛಾವಣಿಯು ಕುಸಿದುಹೋಯಿತು.

ಈ ವಿಚಾರವು ಬಳ್ಳಾರಿಯ ಸೀಮೆಗೆ ದೂರವಾದುದಲ್ಲ. ತೋರಣಗಲ್ಲಿನಲ್ಲಿ ಉಕ್ಕು ತಯಾರಾಗುತ್ತಿದೆ. ಬಳ್ಳಾರಿ ನಗರವು ಹತ್ತಿಯ ವ್ಯಾಪಾರಕ್ಕೂ ಸಿದ್ಧ ಉಡುಪಿನ ಕೆಲಸಕ್ಕೂ, ಸಿರುಗುಪ್ಪವು ತುಂಗಭದ್ರೆಯ ನೀರಿನಿಂದ ಬೆಳೆಯುವ ಭತ್ತಕ್ಕೂ ಅಕ್ಕಿಯ ಗಿರಣಿಗಳಿಗೂ ಹೆಸರಾಗಿವೆ. ಹತ್ತಿ, ಬಟ್ಟೆ, ಹೊಟ್ಟು, ಗೋಣಿಚೀಲ ಇವೆಲ್ಲವೂ ಅಗ್ನಿಗೆ ಆಹಾರವೇ. ಇಂಥ ಸರಕಿನ ಉಗ್ರಾಣಕ್ಕೆ ಬರಿಯ ಉಕ್ಕಿನ ಕಂಬಗಳಿದ್ದರೆ, ಒಳಗಿನ ಕೂಲಿಯವರಿಗೂ ಬೆಂಕಿಯನ್ನು ನಂದಿಸಬಂದವರಿಗೂ ಪ್ರಾಣಾಪಾಯವು ಉರಿಯಿಂದ ಮಾತ್ರವಲ್ಲ, ಮೇಲಿನ ಮಾಡಿನಿಂದಲೂ ಒದಗುವುದು.

ಇದಕ್ಕೆ ಪರಿಹಾರವು ಆವರಣ. ಕಂಬವನ್ನು ಕಾಂಕ್ರೀಟಿನಲ್ಲಿ ಹುದುಗಿಸುವುದು ಒಂದು ಕ್ರಮ. ಜಿಪ್ಸಂ ಹಲಗೆಯಿಂದ ಮುಚ್ಚುವುದು ಎರಡನೆಯದು. ಜಿಪ್ಸಂ ಖನಿಜದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ನೀರೇ ಆಗಿದ್ದು, ಅದು ಆವಿಯಾಗುವವರೆಗೆ ತಾಪವು ಒಳಕ್ಕೆ ಬೇಗನೆ ನುಗ್ಗದು. ಕಾದೊಡನೆ ಹಲವು ಮಡಿ ಉಬ್ಬಿ ನೊರೆಯಂತೆ ಕವಿಯುವ ಬಣ್ಣವನ್ನು ಬಳಿಯುವುದು ಮೂರನೆಯದು. ಬಳ್ಳಾರಿಯ ಹಳೆಯ ಮಾಳಿಗೆಮನೆಗಳಲ್ಲಿ ದಪ್ಪನಾದ ಮಣ್ಣು ಬಿಸಿಲ ಬೇಗೆಯನ್ನು ತಡೆಯುವ ತತ್ತ್ವವೂ ಇದೇ.

ಯಾವ ಆವರಣವೂ ಶಾಶ್ವತರಕ್ಷೆಯಲ್ಲ. ಅದು ಕೊಡುವುದು ಕಾಲಾವಕಾಶವನ್ನು. ಆದುದರಿಂದಲೇ ಶಾಸ್ತ್ರಜ್ಞರು ಅಗ್ನಿಸಹತ್ವವನ್ನು ಗಂಟೆ ನಿಮಿಷಗಳಿಂದ ಅಳೆಯುವರು. ಭಾರತೀಯ ಮಾನಕ ೮೦೦ರ ೨೦೦೭ರ ಆವೃತ್ತಿಯಲ್ಲಿ ಇದಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಕನ್ನಡದಲ್ಲಿ ಈ ಶಾಸ್ತ್ರವನ್ನು ಬರೆಯುವವರೂ 'ಬೆಂಕಿ ತಗುಲದ ಕಟ್ಟಡ'ವೆಂಬ ಮಾತನ್ನು ಬಿಟ್ಟು, 'ಎರಡು ಗಂಟೆಯ ಅಗ್ನಿಸಹ' ಎಂಬಂತೆ ಕಾಲವನ್ನು ಕೂಡಿಸಿಯೇ ಹೇಳುವುದು ಯುಕ್ತ. ಜನರು ಹೊರಗೆ ಬರುವುದಕ್ಕೆ ಎಷ್ಟು ಹೊತ್ತು ಉಂಟೆಂಬುದನ್ನು ತಿಳಿಸದ ಪದವು ಇಲ್ಲಿ ನಿಷ್ಪ್ರಯೋಜಕ.