ಸ್ಲ್ಯಾಶ್ ಇಲ್ಲದ ಗನ್ಸ್ ಎನ್ ರೋಸಸ್ ಯಾರಿಗೆ ಬೇಕಿತ್ತು?

ಆಕ್ಸಲ್ ರೋಸ್ ಬೆಂಗಳೂರಿಗೆ ಬಂದು ಹಾಡಬೇಕೆ, ಬೇಡವೆ? 2012ರ ಕೊನೆಯಲ್ಲಿ ನಗರದ ರಾಕ್ ಕೇಳುಗರನ್ನು ಎರಡು ಪಾಳೆಯ ಮಾಡಿದ ಪ್ರಶ್ನೆ ಇದು. ಡಿಸೆಂಬರ್ 7ರ ಶುಕ್ರವಾರ ಥಣಿಸಂದ್ರ ರಸ್ತೆಯ ಭಾರತೀಯ ಸಿಟಿಯಲ್ಲಿ ಗನ್ಸ್ ಎನ್ ರೋಸಸ್ ಕಾರ್ಯಕ್ರಮ, 9ಕ್ಕೆ ಮುಂಬೈ, 12ಕ್ಕೆ ದಿಲ್ಲಿ ಪಕ್ಕದ ಗುಡಗಾಂವ್ ಎಂದು ನಿಗದಿಯಾಗಿತ್ತು. ಕಾಲೇಜು ದಿನಗಳಲ್ಲಿ ಕ್ಯಾಸೆಟ್ಟು ಸವೆಯುವಷ್ಟು ಈ ತಂಡವನ್ನು ಕೇಳಿ ಬೆಳೆದ ಪೀಳಿಗೆ ಆ ಹೊತ್ತಿಗೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಮ್ಯಾನೇಜರ್ ಹುದ್ದೆಗೇರಿತ್ತು. ಟಿಕೆಟ್ಟಿಗೆ ಮುಗಿಬೀಳಬೇಕಾದವರೇ ವಾದಕ್ಕೆ ನಿಂತರು.

ಕಾರಣ ಸಣ್ಣದಲ್ಲ. 1985ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈ ತಂಡದ ಮೊದಲ ಆಲ್ಬಂ ‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’ ಬಂದದ್ದು 1987ರಲ್ಲಿ. ಜಗತ್ತಿನಾದ್ಯಂತ ಅದರ ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದವು. ಆಕ್ಸಲ್‌ನ ಕೀರಲು ಕಂಠ ಅದರ ಒಂದು ಕಣ್ಣಾದರೆ, ಎತ್ತರದ ಟೋಪಿ ಹಾಕಿದ ಸ್ಲ್ಯಾಶ್‌ನ ಗಿಟಾರು ಇನ್ನೊಂದು. ಆದರೆ ಸ್ಲ್ಯಾಶ್ 1996ರಲ್ಲಿ, ಬೇಸ್ ಗಿಟಾರಿನ ಡಫ್ ಮೆಕೇಗನ್ 1997ರಲ್ಲಿ ತಂಡ ಬಿಟ್ಟರು. ಹೆಸರು ಆಕ್ಸಲ್ ಬಳಿ ಉಳಿಯಿತು. ಹೊಸಬರನ್ನು ಕಟ್ಟಿಕೊಂಡು ಆತ ವರ್ಷಾನುಗಟ್ಟಲೆ ತಿದ್ದಿದ ‘ಚೈನೀಸ್ ಡೆಮಾಕ್ರಸಿ’ ಹೊರಬಂದದ್ದು 2008ರಲ್ಲಿ. 2012ರ ಏಪ್ರಿಲ್‌ನಲ್ಲಿ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ತಂಡವನ್ನು ಗೌರವಿಸಿದಾಗ ಆಕ್ಸಲ್ ಬಹಿರಂಗ ಪತ್ರ ಬರೆದು ಗೌರವ ನಿರಾಕರಿಸಿದ. ಹಳಬರು ವೇದಿಕೆ ಹತ್ತಿದರು, ಆತ ಬರಲಿಲ್ಲ. ಅದಾದ ಎಂಟೇ ತಿಂಗಳಿಗೆ ಅದೇ ಹೆಸರಿನ ತಂಡ ಬೆಂಗಳೂರಿಗೆ ಬರುವುದಿತ್ತು. ಮೂಲ ಸದಸ್ಯರಲ್ಲಿ ಅದರಲ್ಲಿದ್ದವನು ಆಕ್ಸಲ್ ಒಬ್ಬನೇ. 1990ರಿಂದ ಜೊತೆಗಿದ್ದ ಕೀಬೋರ್ಡಿನ ಡಿಝಿ ರೀಡ್ ಅವನ ನಂತರದ ಹಿರಿಯ.

ಇದು ಆಕ್ಸಲ್‌ನ ಬಾಡಿಗೆ ಬಳಗ, ಇಷ್ಟು ದುಡ್ಡು ಕೊಟ್ಟು ನೋಡುವುದೇಕೆ ಎಂದಿತು ಒಂದು ಪಾಳೆಯ. ಐವತ್ತು ದಾಟಿದ ಗಂಟಲಿಗೆ 1987ರ ಎತ್ತರ ಎಟುಕುವುದಿಲ್ಲ, ಇರುವ ನೆನಪೂ ಕೆಡುತ್ತದೆ ಎಂಬ ಆತಂಕ ಅದರ ಬೆನ್ನಿಗಿತ್ತು. ಇನ್ನೊಂದು ಪಾಳೆಯದ ಮಾತು ನೇರ: ಹಾಡು ಅವನದು, ಕಂಠ ಅವನದು, ನಮ್ಮೂರಿಗೆ ಬರುತ್ತಿದ್ದಾನೆ, ಹೋಗೋಣ.

ಕನ್ನಡಿಗರಿಗೆ ಈ ತರ್ಕ ಹೊಸದೇನಲ್ಲ. ಕರಾವಳಿಯಲ್ಲಿ ಯಕ್ಷಗಾನದ ಆಟಕ್ಕೆ ಹೊರಟವರು ಮೇಳ ಯಾವುದೆಂದು ಕೇಳಿ ಸುಮ್ಮನಾಗುವುದಿಲ್ಲ, ಭಾಗವತಿಕೆ ಯಾರದೆಂದು ಕೇಳುತ್ತಾರೆ. 1990ರಲ್ಲಿ ಭಾಗವತ ಕಾಳಿಂಗ ನಾವಡರು ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಸಾಲಿಗ್ರಾಮ ಮೇಳ ನಿಲ್ಲಲಿಲ್ಲ. ಆದರೆ ನಾವಡರ ಪದ್ಯಕ್ಕಾಗಿಯೇ ರಾತ್ರಿಯಿಡೀ ಕೂರುತ್ತಿದ್ದವರ ಪಾಲಿಗೆ ಅದು ಬೇರೆಯದೇ ಮೇಳ. ಪ್ರೇಕ್ಷಕರ ಈ ಹಟ ನ್ಯಾಯವಾದದ್ದು. ವೇದಿಕೆಯಲ್ಲಿ ಯಾರಿರುತ್ತಾರೆಂದು ಟಿಕೆಟ್ ಮಾರುವ ಮೊದಲೇ ಸ್ಪಷ್ಟವಾಗಿ ಹೇಳುವುದು ಆಯೋಜಕರ ಕರ್ತವ್ಯ. ದೊಡ್ಡ ಹೆಸರು, ಹಳೆಯ ಲಾಂಛನ ಹಾಕಿ ಉಳಿದುದನ್ನು ಅಭಿಮಾನಿಯ ಊಹೆಗೆ ಬಿಡಬಾರದು.

ಆದರೆ ‘ಬರಲೇಬಾರದು’ ಎಂಬ ವಾದವನ್ನು ಬೆಂಗಳೂರಿನಲ್ಲಿ ನಿಂತು ಒಪ್ಪುವುದು ಕಷ್ಟ. ಲಂಡನ್ನಿನ ಅಭಿಮಾನಿ ಅದೇ ಗಾಯಕನನ್ನು ಅವನ ಇಪ್ಪತ್ತೈದರಲ್ಲೂ ಕಂಡಿರುತ್ತಾನೆ, ಐವತ್ತರಲ್ಲೂ ಕಾಣುತ್ತಾನೆ. ಹೋಲಿಸಿ ನಿಟ್ಟುಸಿರು ಬಿಡುವ ಹಕ್ಕು ಅವನಿಗಿದೆ. ನಮಗೆ ಆ ಮೊದಲ ನೋಟವೇ ದಕ್ಕಿರಲಿಲ್ಲ. ವಿದೇಶಿ ವಿನಿಮಯದ ಬಿಗಿ ಹಿಡಿತವಿದ್ದ, ಪ್ರಾಯೋಜಕರು ವಿರಳವಾಗಿದ್ದ ಆ ದಿನಗಳಲ್ಲಿ ಭಾರತಕ್ಕೆ ಬಂದವರೇ ಕೆಲವರು: 1980ರಲ್ಲಿ ಬೊಂಬಾಯಿಗೆ ‘ದ ಪೊಲೀಸ್’ ತಂಡ, 1988ರಲ್ಲಿ ಆಮ್ನೆಸ್ಟಿ ಕಾರ್ಯಕ್ರಮಕ್ಕೆಂದು ದಿಲ್ಲಿಗೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಜೊತೆಗಾರರು. ಬೆಂಗಳೂರಿನ ಸರದಿ ಬಂದದ್ದು ಬಹುಪಾಲು ಐಟಿ ಹಣ ಊರಿಗೆ ಹರಿದ ಮೇಲೆ. 1962ರಲ್ಲಿ ಶುರುವಾದ ರೋಲಿಂಗ್ ಸ್ಟೋನ್ಸ್ ಅರಮನೆ ಮೈದಾನಕ್ಕೆ ಬಂದದ್ದು 2003ರ ಏಪ್ರಿಲ್‌ನಲ್ಲಿ. ಮಿಕ್ ಜಾಗರ್‌ಗೆ ಆಗ 59. ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ ಬಂದಾಗ ತಂಡಕ್ಕೆ 31 ವರ್ಷ. ಮೆಟಾಲಿಕಾ ತನ್ನ ಹುಟ್ಟಿದ ದಿನವೆಂದು ಲೆಕ್ಕ ಹಾಕುವುದು 1981ರ ಅಕ್ಟೋಬರ್ 28. ಸರಿಯಾಗಿ 30 ವರ್ಷದ ನಂತರ, ಅದೇ ದಿನ ಗುಡಗಾಂವ್‌ನಲ್ಲಿ ಆಗಬೇಕಿದ್ದ ಅವರ ಕಾರ್ಯಕ್ರಮ ಗೊಂದಲದಲ್ಲಿ ಮುರಿದುಬಿತ್ತು. ಎರಡು ದಿನ ಬಿಟ್ಟು ಬೆಂಗಳೂರು ಅವರನ್ನು ಕೇಳಿತು.

ಅಂದರೆ ಇಲ್ಲಿಯವರಿಗೆ ಮುದಿ ತಂಡದ ಕಾರ್ಯಕ್ರಮ ಹಳೆಯದರ ಮರುಪ್ರದರ್ಶನವಲ್ಲ, ಮೊದಲ ಭೇಟಿ.

ವಯಸ್ಸು ಗಂಟಲಿಗೆ ಏನು ಮಾಡುತ್ತದೆಂಬುದನ್ನು ಮಾತ್ರ ಅಭಿಮಾನದಿಂದ ಮುಚ್ಚಲಾಗದು. ಧ್ವನಿತಂತುಗಳ ಸ್ನಾಯು ತೆಳುವಾಗುತ್ತದೆ, ಅವುಗಳ ಮೇಲ್ಪದರದ ತೇವ ಆರುತ್ತದೆ, ಉಸಿರಿನ ಒತ್ತಡ ಕುಗ್ಗುತ್ತದೆ. ಮೊದಲು ಕೈಕೊಡುವುದು ತಾರಸ್ಥಾಯಿ, ರಾಕ್ ಹಾಡುಗಾರಿಕೆ ನಿಂತಿರುವುದೇ ಅಲ್ಲಿ. ಹಾಗಾಗಿ ಹಿರಿಯ ತಂಡಗಳು ಶ್ರುತಿ ಇಳಿಸುತ್ತವೆ, ಹಾಡುಗಳ ನಡುವೆ ಉದ್ದನೆಯ ಗಿಟಾರ್ ಸೋಲೋ ಇಟ್ಟು ಗಾಯಕನಿಗೆ ಬಿಡುವು ಕೊಡುತ್ತವೆ, ಪಲ್ಲವಿಯನ್ನು ಜನರಿಂದ ಹಾಡಿಸುತ್ತವೆ. 2007ರ ಜೂನ್‌ನಲ್ಲಿ ಅರಮನೆ ಮೈದಾನದಲ್ಲಿ ಹಾಡಿದ್ದ ಏರೋಸ್ಮಿತ್‌ನ ಸ್ಟೀವನ್ ಟೈಲರ್‌ಗೆ 2023ರಲ್ಲಿ ಗಂಟಲಿಗೇ ಪೆಟ್ಟಾಯಿತು. ಮರುವರ್ಷ ಆಗಸ್ಟ್‌ನಲ್ಲಿ ತಂಡ ಪ್ರವಾಸ ನಿಲ್ಲಿಸಿತು. ಪಾರ್ಕಿನ್ಸನ್ಸ್‌ನಿಂದ ನಡೆಯಲಾಗದ ರಾಕ್ ಗಾಯಕ ಆಜಿ ಆಸ್ಬೋರ್ನ್ 2025ರ ಜುಲೈ 5ರಂದು ತನ್ನೂರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಂಹಾಸನದ ಮೇಲೆ ಕುಳಿತೇ ಹಾಡಿದ. 17 ದಿನಗಳಲ್ಲಿ ತೀರಿಕೊಂಡ. ಅವನು ಅಂದು ಹಾಡಬಾರದಿತ್ತು ಎನ್ನಲು ಯಾರಿಗೆ ಮನಸ್ಸು ಬಂದೀತು?

ಗಾಯಕಿ ಎಸ್. ಜಾನಕಿಯವರು ಈ ಪ್ರಶ್ನೆಯನ್ನು ಇನ್ನೊಬ್ಬರ ಬಾಯಿಗೆ ಬಿಡಲೇ ಇಲ್ಲ. ಇನ್ನು ಸಾಕೆಂದು 2016ರಲ್ಲಿ ತಾವೇ ಹೇಳಿದರು. 2017ರ ಅಕ್ಟೋಬರ್‌ನಲ್ಲಿ, 79ರ ವಯಸ್ಸಿನಲ್ಲಿ, ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಅಭಿಮಾನಿಗಳಿಗಾಗಿ ಹಾಡಿ ವೇದಿಕೆಗೆ ವಿದಾಯ ಹೇಳಿದರು. ನಿಲ್ಲಿಸುವ ಹೊತ್ತು ಗೊತ್ತಾಗುವುದು ಹಾಡುವವರಿಗೇ ಎಂಬುದಕ್ಕೆ ಇದಕ್ಕಿಂತ ಗೌರವದ ಉದಾಹರಣೆ ಸಿಗದು.

ವಯಸ್ಸಲ್ಲ, ರಾಜಕೀಯದ ಕಾರಣಕ್ಕೆ ಹಾಡಬಾರದೆನ್ನುವ ತಕರಾರು ಬೇರೆ ಬಗೆಯದು. 2002ರಲ್ಲಿ ಬೆಂಗಳೂರಿನಲ್ಲಿ ಹಾಡಿದ್ದ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಕಾರ್ಯಕ್ರಮವನ್ನು 2023ರಲ್ಲಿ ಫ್ರಾಂಕ್‌ಫರ್ಟ್ ಆಡಳಿತ ರದ್ದು ಮಾಡಹೊರಟಿತ್ತು. ನ್ಯಾಯಾಲಯ ಅನುಮತಿ ಕೊಟ್ಟಿತು, ಆತ ಹಾಡಿದ.

ಬೆಂಗಳೂರಿನ ಹೊರವಲಯದಲ್ಲಿ ಹೋಗಬೇಕೆ, ಬೇಡವೆ ಎಂಬ ವಾದಕ್ಕೆ ದಾರಿಯ ಲೆಕ್ಕವೂ ಸೇರುತ್ತದೆ. 2012ರಲ್ಲಿ ಮೆಟ್ರೊ ಓಡುತ್ತಿದ್ದದ್ದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮಾತ್ರ. ಎಲೆಕ್ಟ್ರಾನಿಕ್ ಸಿಟಿಯಿಂದ ಶುಕ್ರವಾರ ಸಂಜೆ ಥಣಿಸಂದ್ರಕ್ಕೆ ಹೊರಟವರು ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ, ಕೆ.ಆರ್. ಪುರ ದಾಟಿ ನಾಗವಾರಕ್ಕೆ ಬರಬೇಕಿತ್ತು. ಅರ್ಧ ದಿನ ರಜೆ ಹಾಕದೆ ಆಗುವ ಮಾತಲ್ಲ. ಈಗ ಮೆಟ್ರೊ ವೈಟ್‌ಫೀಲ್ಡಿಗೆ ಹೋಗುತ್ತದೆ, ಪೀಣ್ಯ ದಾಟಿ ಮಾದಾವರದ ವಸ್ತುಪ್ರದರ್ಶನ ಕೇಂದ್ರದ ಬಾಗಿಲಿಗೆ ಹೋಗುತ್ತದೆ, 2025ರ ಆಗಸ್ಟ್‌ನಿಂದ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೂ ಹೋಗುತ್ತದೆ. ಅದೇ ವರ್ಷ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಜನ ಬಲಿಯಾದ ಮೇಲೆ, ಗಾಯಕನ ವಯಸ್ಸಿಗಿಂತ ಮೈದಾನದ ಬಾಗಿಲುಗಳ ಅಗಲವನ್ನು ಮೊದಲು ಕೇಳಬೇಕಾಗಿದೆ.

ಆಕ್ಸಲ್ ಮತ್ತು ಸ್ಲ್ಯಾಶ್ 2016ರ ಏಪ್ರಿಲ್‌ನಲ್ಲಿ ಮತ್ತೆ ಒಂದಾದರು. ಡಫ್ ಕೂಡ ಮರಳಿದ. ಆ ತಂಡ ಭಾರತಕ್ಕೆ ಬಂದದ್ದು 2025ರ ಮೇ 17ರಂದು, ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ. ಸ್ಲ್ಯಾಶ್ ಬರುವವರೆಗೆ ಕಾಯುತ್ತೇವೆಂದು ಬೆಂಗಳೂರಿನಲ್ಲಿ ಉಳಿದಿದ್ದವರು ಹನ್ನೆರಡು ವರ್ಷ ಕಾದು, ಸಾವಿರ ಕಿಲೋಮೀಟರ್ ದಾಟಿ ನೋಡಬೇಕಾಯಿತು, ಅದೂ 63ರ ಆಕ್ಸಲ್‌ನನ್ನು. ಥಣಿಸಂದ್ರದಲ್ಲಿ ಗಿಟಾರು ಹಿಡಿದಿದ್ದ ಡಿಜೆ ಆಶ್ಬಾ, ಬಂಬಲ್‌ಫುಟ್ ಅಷ್ಟರೊಳಗೆ ತಂಡ ಬಿಟ್ಟಾಗಿತ್ತು.