ವಿಡಿಯೊ ಬಿಡಿಸುವ ಚಿಪ್

ಸಾಮಾನ್ಯ ಗುಣಮಟ್ಟದ ಡಿಜಿಟಲ್ ಟಿವಿ ಚಿತ್ರವೊಂದರಲ್ಲಿ 720 ಕಂಬ, 576 ಸಾಲು, ಒಟ್ಟು 4,14,720 ಚುಕ್ಕಿಗಳು. ಸೆಕೆಂಡಿಗೆ ಇಂಥ 25 ಚಿತ್ರಗಳೆಂದರೆ ಒಂದು ಕೋಟಿಗೂ ಮಿಕ್ಕ ಚುಕ್ಕಿಗಳಾದವು. ಇಷ್ಟನ್ನು ಇದ್ದಂತೆಯೇ ಸಾಗಿಸಲಾಗದೆ ವಿಡಿಯೊವನ್ನು ಕುಗ್ಗಿಸಿ ಕಳಿಸುತ್ತಾರೆ, ನೋಡುವಾಗ ಬಿಡಿಸಬೇಕು. ಬಿಡಿಸುವ ಈ ಕೆಲಸ ಮುಖ್ಯ ಪ್ರೊಸೆಸರ್‌ನಿಂದ ಗ್ರಾಫಿಕ್ಸ್ ಚಿಪ್‌ಗೆ ಹಂತ ಹಂತವಾಗಿ ದಾಟಿತು, ಅದೂ ಕೊನೆಯ ಹಂತದಿಂದ ಹಿಂದಕ್ಕೆ.

ಕುಗ್ಗಿಸುವ ವಿದ್ಯೆಯ ಬುಡದಲ್ಲಿರುವುದು ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಅವರ ಗಣಿತ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಅವರು 1974ರಲ್ಲಿ ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿತ್ರದ ಪುಟ್ಟ ಚೌಕವೊಂದರ ಸಾರವನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಡುತ್ತದೆ. ಬಿಡಿಸುವಾಗ ನಾಲ್ಕು ಹಂತ: ಸಂಕೇತ ಓದುವುದು, ಹಿಮ್ಮುಖ ಲೆಕ್ಕದಿಂದ ಚೌಕವನ್ನು ಮರಳಿ ಪಡೆಯುವುದು, ಹಿಂದಿನ ಚಿತ್ರದ ತುಣುಕುಗಳನ್ನು ಸರಿಸಿ ಚಲನೆ ಕೂಡಿಸುವುದು, ಬಣ್ಣ ಮತ್ತು ಅಳತೆ ಹೊಂದಿಸುವುದು.

ಗ್ರಾಫಿಕ್ಸ್ ಕಾರ್ಡ್‌ಗಳು ಮೊದಲು ಹೊತ್ತದ್ದು ನಾಲ್ಕನೆಯ ಹಂತವನ್ನು. 1996ರಲ್ಲಿ ಡಿವಿಡಿ ಬಂದಾಗ, ಅದರ ವಿಡಿಯೊ ಬಿಡಿಸಲು ಅಂದಿನ ಪೆಂಟಿಯಂ ಯಂತ್ರಗಳು ಏದುಸಿರು ಬಿಟ್ಟವು. ಎಟಿಐ ಕಂಪನಿಯ ರೇಜ್ ಸರಣಿಯ ಚಿಪ್‌ಗಳು ಮೂರನೆಯದನ್ನು, ಬಳಿಕ ಎರಡನೆಯದನ್ನು ವಹಿಸಿಕೊಂಡವು. 2003ರ ಎಚ್.264 ಎಂಬ ವಿಡಿಯೊ ಮಾದರಿ ಇನ್ನೂ ಬಿಗಿಯಾಗಿ ಕುಗ್ಗಿಸಿತು. ಅದರ ಸಂಕೇತ ಓದುವುದೇ ದೊಡ್ಡ ಹೊರೆ. ಪ್ರತಿ ಸಂಕೇತದ ಅರ್ಥ ಅದರ ಹಿಂದಿನದನ್ನು ಅವಲಂಬಿಸುವುದರಿಂದ, ಒಟ್ಟಿಗೆ ದುಡಿಯುವ ನೂರಾರು ಗ್ರಾಫಿಕ್ಸ್ ಕೋರ್‌ಗಳಿಂದ ಇಲ್ಲಿ ಹೆಚ್ಚು ಲಾಭವಿಲ್ಲ. ಹಾಗಾಗಿ ಚಿಪ್‌ನೊಳಗೇ ಇದಕ್ಕೆಂದು ಪ್ರತ್ಯೇಕ ಸರ್ಕ್ಯೂಟ್ ಕೂರಿಸಲಾಯಿತು. 2007ರಲ್ಲಿ ಎನ್‌ವಿಡಿಯಾ ಮತ್ತು ಎಎಂಡಿ ಚಿಪ್‌ಗಳು ನಾಲ್ಕೂ ಹಂತ ನಿಭಾಯಿಸತೊಡಗಿದವು.

ದೆಹಲಿ ಸುತ್ತಲಿನ ಮನೆಗಳಿಗೆ ಇದೇ ಉಪಾಯ ಸೆಟ್‌ಟಾಪ್ ಬಾಕ್ಸ್ ಮೂಲಕ ಬಂತು. ನೋಯ್ಡಾ ನೆಲೆಯ ಡಿಶ್ ಟಿವಿ 2003ರಲ್ಲಿ, ದೂರದರ್ಶನದ ಉಚಿತ ಡಿಟಿಎಚ್ 2004ರ ಡಿಸೆಂಬರ್‌ನಲ್ಲಿ ಆರಂಭವಾದವು. ಕೇಬಲ್ ಟಿವಿ ಡಿಜಿಟಲ್ ಆಗಲು ದೆಹಲಿಗೆ 2012ರ ಅಕ್ಟೋಬರ್ 31, ಫರೀದಾಬಾದ್ ಮತ್ತು ಘಾಜಿಯಾಬಾದ್‌ಗೆ 2013ರ ಮಾರ್ಚ್ 31 ಗಡುವಾಗಿತ್ತು. ಬಾಕ್ಸ್‌ನ ಪ್ರೊಸೆಸರ್ ದುರ್ಬಲ; ಆದರೂ ಚಿತ್ರ ತಡವರಿಸದು. ಬಿಡಿಸುವುದು ಅದಕ್ಕೆಂದೇ ಇರುವ ಸರ್ಕ್ಯೂಟ್.

ಇಂಥ ಸರ್ಕ್ಯೂಟ್‌ಗೆ ಕಲಿಸಿದಷ್ಟೇ ಗೊತ್ತು. 2018ರಲ್ಲಿ ಬಂದ ಎವಿ1 ಮಾದರಿಯನ್ನು ಅದಕ್ಕಿಂತ ಹಳೆಯ ಚಿಪ್ ಬಿಡಿಸಲಾರದು. ಹೊರೆ ಮತ್ತೆ ಪ್ರೊಸೆಸರ್ ಮೇಲೆ ಬಿದ್ದು ಯಂತ್ರ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ದೆಹಲಿಯ ಕಂಪ್ಯೂಟರ್ ಮಾರುಕಟ್ಟೆಯಾದ ನೆಹರೂ ಪ್ಲೇಸ್‌ನಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಪ್ರೊಸೆಸರ್ ವೇಗದ ಜೊತೆಗೆ, ಗ್ರಾಫಿಕ್ಸ್ ಚಿಪ್ ಯಾವ ಯಾವ ವಿಡಿಯೊ ಮಾದರಿಗಳನ್ನು ಬಿಡಿಸಬಲ್ಲದು ಎಂಬುದನ್ನೂ ನೋಡಿಕೊಳ್ಳುವುದು ಒಳ್ಳೆಯದು.