ಸಗಣಿ ಬಾಚಿದ್ದಕ್ಕೂ ಲೆಕ್ಕ ಇದೆ!

ಅಮೆರಿಕದಲ್ಲಿ ಓದುತ್ತಿರುವ ಅಕ್ಕನ ಮಗಳು ರಜೆಗೆ ನಿಮ್ಮ ಮನೆಗೆ ಬರ್ತಾಳೆ. ‘ಚಿಕ್ಕಮ್ಮ, ನಾನು ವೆಟ್ ಆಗ್ಬೇಕು. ಇಲ್ಲಿ ಹಸು, ಎಮ್ಮೆ ಜೊತೆ ಕೆಲಸ ಮಾಡೋಕಾಗುತ್ತಾ?’ ಅಂತಾಳೆ. ‘ದನದ ಡಾಕ್ಟರಾ?’ ಎಂದು ಅಜ್ಜಿ ಮೂಗು ಮುರಿಯಬಹುದು. ನೀವು ಮಾತ್ರ ಹಾಗೆ ಮಾಡಬೇಡಿ. ಆ ಹುಡುಗಿಗೆ ಇದು ಸೀಟಿನ ಪ್ರಶ್ನೆ.

ನಮ್ಮಲ್ಲಿ ಪಿಯುಸಿ ನಂತರ ಪ್ರವೇಶ ಪರೀಕ್ಷೆಯ ರ‍್ಯಾಂಕ್ ನೋಡಿ ಸೀಟು ಕೊಡುತ್ತಾರೆ. ಅಲ್ಲಿ ಸಾಮಾನ್ಯವಾಗಿ ಪದವಿ ಓದಿದ ಮೇಲೆ ನಾಲ್ಕು ವರ್ಷದ ಡಿವಿಎಂ ಕೋರ್ಸ್. ಹೆಚ್ಚಿನ ಕಾಲೇಜುಗಳಿಗೆ ‘ವಿಎಂಕ್ಯಾಸ್’ ಎಂಬ ಒಂದೇ ಅರ್ಜಿ. ಅದರಲ್ಲಿ ಅಂಕಗಳ ಜೊತೆಗೆ, ಪ್ರಾಣಿಗಳ ಜೊತೆ ಎಷ್ಟು ಗಂಟೆ ಕಳೆದಿದ್ದೀರಿ ಎಂಬ ಲೆಕ್ಕವನ್ನೂ ಕೊಡಬೇಕು.

ಎಡವೋದು ಇಲ್ಲೇ. ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದು ಒಂದು ಕಾಲಂ, ವೈದ್ಯರಿಲ್ಲದೆ ಮಾಡಿದ್ದು ಇನ್ನೊಂದು. ಅನಾಥ ನಾಯಿಗಳ ಶೆಲ್ಟರ್‌ನಲ್ಲಿ ಗೂಡು ತೊಳೆದು ಊಟ ಹಾಕಿದರೆ ಅದು ‘ಪ್ರಾಣಿ ಅನುಭವ’. ಅದೇ ಶೆಲ್ಟರ್‌ನ ಡಾಕ್ಟರ್ ಪಕ್ಕದಲ್ಲಿದ್ದು ಚಿಕಿತ್ಸೆಗೆ ನೆರವಾದರೆ ‘ಪಶುವೈದ್ಯಕೀಯ ಅನುಭವ’. ಒಂದೇ ಗಂಟೆಯನ್ನು ಎರಡೂ ಕಡೆ ಬರೆಯುವಂತಿಲ್ಲ. ಮನೆಯ ಟಾಮಿಗೆ ಸ್ನಾನ ಮಾಡಿಸಿದ್ದು? ಅನೇಕ ಕಾಲೇಜುಗಳು ಅದನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ.

ಹಾಗಾದರೆ ಚಿಕ್ಕಮ್ಮನಾಗಿ ನೀವೇನು ಮಾಡಬಹುದು? ಊರಿನಲ್ಲಿ ತೋಟ, ಹಟ್ಟಿ ಇದ್ದರೆ ಅಲ್ಲಿಗೆ ಕಳಿಸಿ. ಸಗಣಿ ಬಾಚಲಿ, ಹಾಲು ಕರೆಯಲು ಕಲಿಯಲಿ. ಇದು ಪ್ರಾಣಿ ಅನುಭವವಾಯಿತು. ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನೂ ಒಂದು ಮಾತು ಕೇಳಿನೋಡಿ. ಅವರ ಜೊತೆ ಹಳ್ಳಿ ಸುತ್ತಿ, ಸುಮ್ಮನೆ ನಿಂತು ನೋಡಿದ ಗಂಟೆಗಳೂ ಸಲ್ಲುತ್ತವೆ. ಸೂಜಿ ಚುಚ್ಚುವ ಉತ್ಸಾಹ ಮಾತ್ರ ಬೇಡ. ವಿದ್ಯಾರ್ಥಿಯ ಕೆಲಸ ಅದಲ್ಲ. (ರೇಬೀಸ್ ಲಸಿಕೆ ಬಗ್ಗೆ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿಕೊಂಡು ಬರಲು ಅಕ್ಕನಿಗೆ ಹೇಳಿ.)

ಹಾಲಿನ ಲೆಕ್ಕ ಬರೆಯೋ ಹಾಗೆ ಒಂದು ನೋಟ್‌ಬುಕ್ ಇಟ್ಟುಬಿಡಿ. ತಾರೀಕು, ಎಷ್ಟು ಗಂಟೆ, ಯಾವ ಪ್ರಾಣಿ, ಏನು ಕೆಲಸ, ಯಾರ ಕೈಕೆಳಗೆ... ಅಂದಂದೇ ಬರೆಯಲಿ. ಎರಡು ವರ್ಷ ಬಿಟ್ಟು ನೆನಪಿಸಿಕೊಂಡರೆ ಅಂದಾಜೇ ಗತಿ! ವಾರಕ್ಕೆ 4 ಗಂಟೆಯಂತೆ 40 ವಾರ ಹೋದರೆ 160 ಗಂಟೆ. ಅದನ್ನು 200 ಮಾಡೋಣ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅರ್ಜಿಯಲ್ಲಿ ಮೇಲ್ವಿಚಾರಕರ ಹೆಸರೂ ಇರುತ್ತೆ. ಕಾಲೇಜಿನವರು ಅವರನ್ನೇ ಕೇಳಿದರೆ?

ಎಷ್ಟು ಗಂಟೆ ಬೇಕು ಅನ್ನೋದು ಕಾಲೇಜಿಂದ ಕಾಲೇಜಿಗೆ ಬೇರೆ. ಕೆಲವು ಕನಿಷ್ಠ ಮಿತಿ ಇಟ್ಟಿವೆ, ಕೆಲವು ಇಟ್ಟಿಲ್ಲ. ಹೈಸ್ಕೂಲ್ ದಿನಗಳ ಅನುಭವವನ್ನು ಎಲ್ಲರೂ ಒಪ್ಪೋದಿಲ್ಲ. ಅರ್ಜಿಯ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್ ಮಧ್ಯಕ್ಕೆ. ಹಾಗಾಗಿ ಹುಡುಗಿ ವಿಮಾನ ಹತ್ತುವ ಮುನ್ನವೇ ಇಲ್ಲಿನ ಡಾಕ್ಟರ ಪೂರ್ತಿ ಹೆಸರು, ಫೋನ್, ಇಮೇಲ್ ಬರೆಸಿಕೊಳ್ಳಿ. ಒಂದು ಪತ್ರಕ್ಕೂ ಕೇಳಿಡಿ, ಸಹಿ ಮತ್ತು ಸೀಲು ಸಮೇತ.